ಹೊಸ್ತಿಲು ಯಾರದು? – ಬಾಡಿಗೆ ಮನೆಯ ಬಾಗಿಲಿನ ಒಂದು ಸಣ್ಣ ಚರಿತ್ರೆ

ಹೋದ ವರ್ಷ ಏಪ್ರಿಲ್‌ನ ಒಂದು ಶನಿವಾರ ಮಧ್ಯಾಹ್ನ ನಮ್ಮ ಬಳಗದ ಓದುಗೋಷ್ಠಿ ನಮ್ಮ ಮನೆಯಲ್ಲೇ ನಡೆದದ್ದು ಅಂದು ಬಂದಿದ್ದ ಹತ್ತು ಹನ್ನೆರಡು ಮಂದಿಗೆ ನೆನಪಿರಬಹುದು. ವಾಲ್ನಟ್ ಕ್ರೀಕ್‌ನ ಬಾರ್ಟ್ ಸ್ಟೇಷನ್ನಿನಿಂದ ನಡೆದುಕೊಂಡೇ ಬರಬಹುದಾದ, ಎರಡು ಬೆಡ್‌ರೂಮಿನ ಬಾಡಿಗೆ ಕಾಂಡೋ ಅದು. ಉಪ್ಪಿಟ್ಟು, ಕೇಸರಿಬಾತ್ ಮುಗಿದು ಗೆಳೆಯರೊಬ್ಬರು ತಮ್ಮ ಕಥೆಯನ್ನು ಓದಲು ಶುರುಮಾಡಿದ್ದರು. ಇನ್ನೇನು ಕಥೆ ತಿರುವು ತೆಗೆದುಕೊಳ್ಳಬೇಕು, ಅಷ್ಟರಲ್ಲಿ ಮುಂಬಾಗಿಲ ಬೀಗದಲ್ಲಿ ಕೀಲಿ ತಿರುಗಿದ ಸದ್ದಾಯಿತು. ನಾವೆಲ್ಲ ಒಳಗೇ ಇದ್ದೆವು. ಹಾಗಾದರೆ ಹೊರಗೆ ಕೀಲಿ ತಿರುಗಿಸುತ್ತಿರುವವರು ಯಾರು?

ಬಾಗಿಲು ತೆರೆಯಿತು. ಮನೆ ಮಾರಾಟದ ಏಜೆಂಟ್ ಒಬ್ಬರು, ಅವರ ಹಿಂದೆ ಮನೆ ನೋಡಲು ಬಂದ ಗಂಡ ಹೆಂಡತಿ. "ಹಾಯ್, ಡೋಂಟ್ ಮೈಂಡ್ ಅಸ್" ಎಂದು ನಗುತ್ತಾ ಹೇಳಿ, ಗೋಡೆಯ ಬದಿ ಸಾಲಾಗಿ ಬಿಟ್ಟಿದ್ದ ನಮ್ಮ ಚಪ್ಪಲಿಗಳನ್ನು ದಾಟಿ, ಬೂಟು ಹಾಕಿಕೊಂಡೇ ನಡೆದರು. ಅಡುಗೆಮನೆಯ ಕಪಾಟು ತೆರೆದು ನೋಡಿದರು. ಮಲಗುವ ಕೋಣೆಗೆ ಹೋಗಿ ಕ್ಲಾಸೆಟ್ಟಿನ ಬಾಗಿಲು ಸರಿಸಿದರು. ನಾವು ಆ ಕ್ಲಾಸೆಟ್ಟಿನ ಅರ್ಧವನ್ನು ದೇವರಮನೆ ಮಾಡಿಕೊಂಡಿದ್ದೆವು. ಫೋನಿನಲ್ಲಿ ನಾಲ್ಕಾರು ಚಿತ್ರ ತೆಗೆದುಕೊಂಡರು. ಅಡುಗೆ ಕಟ್ಟೆಯ ಮೇಲೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಏಳೆಂಟು ನಿಮಿಷದಲ್ಲಿ ಹೊರಟುಹೋದರು. ಈ ನಡುವೆ "ಬನ್ನಿ ಬನ್ನಿ" ಎಂದವರೂ ನಾವೇ, "ಸ್ವಲ್ಪ ಕೇಸರಿಬಾತ್ ತಗೊಳ್ತೀರಾ?" ಎಂದು ಕೇಳಿದವರೂ ನಾವೇ.

ಅವರು ಹೋದ ಮೇಲೆ ಬಳಗದ ಹಿರಿಯರೊಬ್ಬರು, "ಅಲ್ರೀ, ಬಾಗಿಲು ತಟ್ಟದೆ ಹೀಗೆ ಒಳಗೆ ಬರೋಕೆ ಅವರಿಗೆ ಅಧಿಕಾರ ಕೊಟ್ಟೋರು ಯಾರು?" ಎಂದು ಕೇಳಿದರು. ನಮ್ಮ ಬಾಯಿಂದ ಥಟ್ಟನೆ ಬಂದ ಉತ್ತರ: "ಮನೆ ನಮ್ಮದಲ್ಲವಲ್ಲ."

ಕಥೆ ಮುಂದುವರಿಯಿತು, ಗೋಷ್ಠಿ ಮುಗಿಯಿತು, ಪಾತ್ರೆ ತೊಳೆದದ್ದೂ ಆಯಿತು. ಆ ಉತ್ತರ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಂತೆ ಉಳಿಯಿತು. ತಿಂಗಳು ತಿಂಗಳು ಬಾಡಿಗೆ ಎಣಿಸಿ ಕೊಡುವ ಮನೆ ನಮ್ಮದಲ್ಲ, ಒಪ್ಪೋಣ. ಹಾಗಾದರೆ ಅದರ ಹೊಸ್ತಿಲು ಯಾರದು? ವಾಲ್ನಟ್ ಕ್ರೀಕ್ ಲೈಬ್ರರಿಯಲ್ಲಿ ಕೆಲವು ಸಂಜೆ, ಮಾರ್ಟಿನೆಝ್‌ನಲ್ಲಿರುವ ಕೌಂಟಿಯ ಕಾನೂನು ಪುಸ್ತಕಾಲಯದಲ್ಲಿ ಒಂದು ದಿನ ಕೂತು ಓದಿದಾಗ ಗೊತ್ತಾದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ನಾವು ವಕೀಲರಲ್ಲ. ಬಾಡಿಗೆದಾರರು, ಅಷ್ಟೆ.

ಕೋಟೆ ಎಂದರೆ ಯಾವ ಕೋಟೆ?

"ಇಂಗ್ಲಿಷನಿಗೆ ಅವನ ಮನೆಯೇ ಕೋಟೆ" ಎಂಬ ಗಾದೆಯನ್ನು ನಾವೆಲ್ಲ ಹೈಸ್ಕೂಲಿನ ಇಂಗ್ಲಿಷ್ ಪಾಠದಲ್ಲಿ ಕೇಳಿದವರೇ. ಆ ಮಾತಿಗೆ ಕಾನೂನಿನ ಬಲ ಬಂದದ್ದು 1604ರಲ್ಲಿ, ಲಂಡನ್ನಿನ ಸೆಮೇನ್ ಮೊಕದ್ದಮೆಯಿಂದ. ಅದನ್ನು ಬರೆದಿಟ್ಟವರು ಎಡ್ವರ್ಡ್ ಕೋಕ್. ಕೋಟೆ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಯಾವನೋ ಜಮೀನ್ದಾರನ ಭಾರೀ ಬಂಗಲೆ. ಮೊಕದ್ದಮೆಯ ವಿವರ ಓದಿದಾಗ ನಮಗೆ ಆಶ್ಚರ್ಯವಾಯಿತು. ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್ ಬಡಾವಣೆಯಲ್ಲಿ ರಿಚರ್ಡ್ ಗ್ರೆಶಮ್, ಜಾರ್ಜ್ ಬೆರಿಸ್‌ಫರ್ಡ್ ಎಂಬ ಇಬ್ಬರು ಇಂತಿಷ್ಟು ವರ್ಷದ ಅವಧಿಗೆಂದು ಜಂಟಿಯಾಗಿ ಹಿಡಿದಿದ್ದ ಮನೆ ಅದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ರೂಮ್‌ಮೇಟ್‌ಗಳ ಗೇಣಿ ಮನೆ! ಬೆರಿಸ್‌ಫರ್ಡ್ ಸಾಲ ಉಳಿಸಿ ಸತ್ತ. ಅವನ ಸಾಮಾನು ಮನೆಯಲ್ಲೇ ಇತ್ತು. ಸಾಲ ಕೊಟ್ಟಿದ್ದ ಸೆಮೇನ್ ಕೋರ್ಟಿನ ಆದೇಶದೊಡನೆ ಶೆರಿಫನನ್ನು ಕರೆತಂದಾಗ ಗ್ರೆಶಮ್ ಬಾಗಿಲು ಮುಚ್ಚಿಬಿಟ್ಟ.

ಬಾಗಿಲು ಮುಚ್ಚಿದ್ದು ತಪ್ಪಲ್ಲ ಎಂದು ನ್ಯಾಯಾಧೀಶರು ಹೇಳಿದರು. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದರು: ರಾಜನ ಅಧಿಕಾರಿಗೆ ಒಳಗೆ ಹೋಗುವ ಅಧಿಕಾರ ಇರುವ ಸಂದರ್ಭದಲ್ಲೂ ಆತ ಮೊದಲು ತಾನು ಬಂದ ಕಾರಣ ತಿಳಿಸಿ, ಬಾಗಿಲು ತೆರೆಯಿರಿ ಎಂದು ಕೇಳಬೇಕು. ಅಂದರೆ 'ಮನೆಯೇ ಕೋಟೆ' ಎಂಬ ಮಾತೂ 'ಮೊದಲು ಬಾಗಿಲು ತಟ್ಟು' ಎಂಬ ನಿಯಮವೂ ಒಂದೇ ಮೊಕದ್ದಮೆಯಲ್ಲಿ ಹುಟ್ಟಿದ ಅವಳಿ ಮಕ್ಕಳು. ಆ ಕೋಟೆ ಸ್ವಂತದ್ದಲ್ಲ, ಗೇಣಿಯದು.

ಇದರಲ್ಲಿ ವಿಚಿತ್ರವೇನೂ ಇಲ್ಲ. ಹಳೆಯ ಇಂಗ್ಲಿಷ್ ಕಾನೂನಿನ ಪ್ರಕಾರ ಮನೆಯನ್ನು ಗೇಣಿಗೆ ಕೊಡುವುದೆಂದರೆ ಆ ಅವಧಿಯ ಮಟ್ಟಿಗೆ ಮನೆಯನ್ನೇ ಬಿಟ್ಟುಕೊಟ್ಟ ಹಾಗೆ. ಅವಧಿ ಮುಗಿಯುವವರೆಗೆ ಒಳಗಿರುವವನೇ ಒಡೆಯ. ಕರಾರಿನಲ್ಲಿ ಹಕ್ಕು ಉಳಿಸಿಕೊಳ್ಳದ ಮಾಲೀಕ ಹೇಳದೆ ಕೇಳದೆ ಒಳಗೆ ಬಂದರೆ ಅವನೂ ಅತಿಕ್ರಮಿಯೇ. ಬಾಡಿಗೆದಾರ ನೆಮ್ಮದಿಯಿಂದ ಮನೆಯನ್ನು ಅನುಭವಿಸಬೇಕು ಎಂಬ ತತ್ತ್ವವೂ ಅಲ್ಲಿಯದೇ. ತೊಂದರೆ ಬಂದದ್ದು 'ಕರಾರಿನಲ್ಲಿ ಉಳಿಸಿಕೊಳ್ಳದ' ಎಂಬ ಆ ಸಣ್ಣ ಷರತ್ತಿನಿಂದ. ಮನೆ ಸಿಕ್ಕರೆ ಸಾಕೆನ್ನುವವನು ಮಾಲೀಕ ಬರೆದಿಟ್ಟ ಕರಾರಿನ ಎಲ್ಲ ಪುಟಕ್ಕೂ ಸಹಿ ಹಾಕುತ್ತಾನೆ. ಸಣ್ಣ ಅಕ್ಷರದಲ್ಲಿ ಅಚ್ಚಾದ ಒಂದು ಸಾಲಿನಿಂದ ಕೋಟೆಯ ಬಾಗಿಲಿಗೆ ಎರಡನೆಯ ಕೀಲಿ ಬರುತ್ತದೆ.

ಅಮೆರಿಕ: ಮೊದಲು ಸರಕಾರಕ್ಕೆ ಬೇಲಿ

ಅಮೆರಿಕದ ವಸಾಹತುಗಳಲ್ಲಿ ಬ್ರಿಟಿಷರ ವಿರುದ್ಧ ಮೊದಲು ಹೊತ್ತಿದ ಕಿಡಿಗಳಲ್ಲಿ ಒಂದು ಮನೆಯ ಬಾಗಿಲಿನದೇ. ಸುಂಕದ ಅಧಿಕಾರಿಗಳು ಯಾವ ಮನೆಗೆ ಬೇಕಾದರೂ ನುಗ್ಗಿ ಹುಡುಕಬಹುದೆಂಬ ಆದೇಶಗಳನ್ನು ವಿರೋಧಿಸಿ 1761ರಲ್ಲಿ ಬಾಸ್ಟನ್ನಿನ ಕೋರ್ಟಿನಲ್ಲಿ ಜೇಮ್ಸ್ ಓಟಿಸ್ ಗಂಟೆಗಟ್ಟಲೆ ವಾದಿಸಿದರು. ಆ ಸಿಟ್ಟು ಕೊನೆಗೆ 1791ರಲ್ಲಿ ಸಂವಿಧಾನದ ತಿದ್ದುಪಡಿಗಳಾಗಿ ಅಚ್ಚಾಯಿತು. ಮೂರನೆಯದು ಸೈನಿಕರನ್ನು ಮನೆಯಲ್ಲಿ ತಂದು ಇಳಿಸಬಾರದು ಎನ್ನುತ್ತದೆ. ನಾಲ್ಕನೆಯದು ಸಕಾರಣವಿಲ್ಲದೆ ಮನೆ ಶೋಧಿಸಬಾರದು ಎನ್ನುತ್ತದೆ.

ಆದರೆ ಬಾಡಿಗೆದಾರನ ಬಾಗಿಲನ್ನು ಅವನ ಪರವಾಗಿ ಮಾಲೀಕ ತೆರೆದುಕೊಡಬಹುದೇ? ಈ ಪ್ರಶ್ನೆಗೆ ಸುಪ್ರೀಂ ಕೋರ್ಟು ಚಾಪ್ಮನ್ ಮೊಕದ್ದಮೆಯಲ್ಲಿ ಖಚಿತವಾದ ಉತ್ತರ ಕೊಡುವ ಹೊತ್ತಿಗೆ 1961 ಬಂದಿತ್ತು. ಕಥೆ ನಡೆದದ್ದು ಜಾರ್ಜಿಯಾ ರಾಜ್ಯದಲ್ಲಿ. ಹೊಸ ಬಾಡಿಗೆದಾರನನ್ನು ಚರ್ಚಿಗೆ ಕರೆಯೋಣವೆಂದು ಹೋದ ಮಾಲೀಕನ ಮೂಗಿಗೆ ಕಳ್ಳಭಟ್ಟಿಯ ವಾಸನೆ ಬಡಿಯಿತು. ಆತ ಪೊಲೀಸರನ್ನು ಕರೆದ. ಮಾಲೀಕನ ಒಪ್ಪಿಗೆಯ ಬಲದ ಮೇಲೆ ಪೊಲೀಸರು ಕಿಟಕಿಯಿಂದ ಒಳಗಿಳಿದರು. ಭಟ್ಟಿಯೇನೋ ಸಿಕ್ಕಿತು. ಆದರೂ ಈ ಶೋಧ ಅಕ್ರಮ ಎಂದಿತು ಕೋರ್ಟು. ಮಾಲೀಕ ಹೂಂ ಎಂದರೆ ಸಾಕು ಎಂದಾದರೆ ಬಾಡಿಗೆದಾರರ ಮನೆಗಳು ಮಾಲೀಕರ ಮರ್ಜಿಯ ಮೇಲೆ ನಿಲ್ಲುತ್ತವೆ ಎಂಬುದು ಅದರ ವಾದ.

ಇದಕ್ಕಿಂತ ನಮಗೆ ಹತ್ತಿರದ್ದು, ವಾಲ್ನಟ್ ಕ್ರೀಕ್‌ನಿಂದ ಬಾರ್ಟ್ ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಸಿಗುವ ಊರಿನದು, ಸ್ಯಾನ್ ಫ್ರಾನ್ಸಿಸ್ಕೋದ ಕಮಾರಾ ಮೊಕದ್ದಮೆ. 1963ರ ನವೆಂಬರ್ 6ರಂದು ನಗರದ ಆರೋಗ್ಯ ಇಲಾಖೆಯ ವಸತಿ ಇನ್‌ಸ್ಪೆಕ್ಟರ್ ಒಬ್ಬರು ವಾರ್ಷಿಕ ತಪಾಸಣೆಗೆಂದು ಒಂದು ಕಟ್ಟಡಕ್ಕೆ ಬಂದರು. ನೆಲಮಹಡಿಯನ್ನು ಬಾಡಿಗೆಗೆ ಹಿಡಿದಿದ್ದ ರೋಲಂಡ್ ಕಮಾರಾ ಅದರ ಹಿಂಭಾಗದಲ್ಲಿ ವಾಸ ಮಾಡಿಕೊಂಡಿದ್ದಾರೆ ಎಂದು ಕಟ್ಟಡದ ಮ್ಯಾನೇಜರೇ ಹೇಳಿಕೊಟ್ಟರು. ಇನ್‌ಸ್ಪೆಕ್ಟರ್ ಬಾಗಿಲು ತಟ್ಟಿದರು. ವಾರಂಟ್ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದರು ಕಮಾರಾ. ನವೆಂಬರ್ 8ರಂದು ಮತ್ತೆ ಬಂದರು, ಮತ್ತೆ ಅದೇ ಉತ್ತರ. ನವೆಂಬರ್ 22ರಂದು ಇಬ್ಬರು ಇನ್‌ಸ್ಪೆಕ್ಟರುಗಳು ಬಂದರು. ಡಲ್ಲಾಸಿನಲ್ಲಿ ಕೆನಡಿಯವರ ಕೊಲೆಯಾದದ್ದು ಅದೇ ದಿನ. ಇಡೀ ದೇಶ ಟಿವಿ, ರೇಡಿಯೋಗಳಿಗೆ ಅಂಟಿಕೊಂಡಿದ್ದ ದಿನವೂ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಬಾಗಿಲಲ್ಲಿ ಈ ಜಗ್ಗಾಟ ನಡೆದಿತ್ತು. ಡಿಸೆಂಬರ್ 2ರಂದು ಕಮಾರಾ ಅವರನ್ನು ಬಂಧಿಸಿ ಜಾಮೀನಿನ ಮೇಲೆ ಬಿಟ್ಟರು.

ಆಗ ಕಾನೂನು ಅವರ ಪರವಾಗಿರಲಿಲ್ಲ. ಕೇವಲ ನಾಲ್ಕು ವರ್ಷ ಹಿಂದೆ, 1959ರಲ್ಲಿ, ಬಾಲ್ಟಿಮೋರಿನ ಮೊಕದ್ದಮೆಯೊಂದರಲ್ಲಿ ಇಲಿ ಹುಡುಕಲು ಬಂದ ಆರೋಗ್ಯಾಧಿಕಾರಿಗೆ ವಾರಂಟ್ ಬೇಕಿಲ್ಲ ಎಂದು ಸುಪ್ರೀಂ ಕೋರ್ಟು ಒಂದೇ ಮತದ ಅಂತರದಲ್ಲಿ ತೀರ್ಪು ಕೊಟ್ಟಿತ್ತು. ಕಮಾರಾ ಪಟ್ಟು ಬಿಡಲಿಲ್ಲ. 1967ರ ಜೂನ್ 5ರಂದು ಅದೇ ಕೋರ್ಟು 6–3 ಮತಗಳಿಂದ ತನ್ನ ಹಳೆಯ ತೀರ್ಪನ್ನು ತಾನೇ ಅಳಿಸಿತು. ಬಂದವನು ಪೊಲೀಸನಾಗಲಿ ಇನ್‌ಸ್ಪೆಕ್ಟರನಾಗಲಿ, ತುರ್ತು ಇಲ್ಲದಿದ್ದರೆ, ಮನೆಯವರು ಬೇಡವೆಂದ ಮೇಲೆ ವಾರಂಟ್ ತರಬೇಕು ಎಂದಾಯಿತು. ನಾವು ಈ ಕಥೆಯನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಕಮಾರಾ ದೊಡ್ಡ ನಾಯಕರಲ್ಲ, ಯಾವ ಚಳವಳಿಯ ಮುಂದಾಳೂ ಅಲ್ಲ. ಬಾಗಿಲಲ್ಲಿ ನಿಂತು ಮೂರು ಸಲ ಬೇಡ ಎಂದ ಒಬ್ಬ ಬಾಡಿಗೆದಾರ. ಕೇಸರಿಬಾತ್ ಬೇಕೇ ಎಂದು ಕೇಳಿದ ನಮಗೆ ಇದನ್ನು ಓದಿ ಸ್ವಲ್ಪ ನಾಚಿಕೆಯೇ ಆಯಿತು.

ಒಂದು ವಾರ, ಎರಡು ತೀರ್ಪು

ಬಾಗಿಲು ಮುಚ್ಚುವ ಹಕ್ಕಿನ ಮಾತು ಆಡುವಾಗ ಬಾಗಿಲೊಳಗೆ ಕಾಲಿಡುವ ಹಕ್ಕೇ ಇಲ್ಲದಿದ್ದವರನ್ನು ಮರೆಯಬಾರದು. ಅವರಲ್ಲಿ ನಮ್ಮ ದೇಶದವರೂ ಇದ್ದರು. 1915ರಲ್ಲಿ ಪೇಷಾವರದಿಂದ ಗಂಡ ವೈಷ್ಣೋದಾಸ್ ಬಗಾಯ್ ಮತ್ತು ಮೂವರು ಗಂಡುಮಕ್ಕಳೊಡನೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿಳಿದ ಕಲಾ ಬಗಾಯ್ ಅವರ ಕುಟುಂಬ ಮುಂದೆ ಬರ್ಕ್ಲಿಯಲ್ಲಿ ಮನೆ ಕೊಂಡಿತು. ಸಾಮಾನು ತುಂಬಿಕೊಂಡು ಹೋದಾಗ, ಇವರು ಒಳಗೆ ಹೋಗದಂತೆ ನೆರೆಹೊರೆಯವರು ಮನೆಗೆ ಬೀಗ ಜಡಿದಿದ್ದರು! ಹಣ ಕೊಟ್ಟು ಕೊಂಡ ಮನೆಯಿಂದ ಹಾಗೇ ತಿರುಗಿ ಬಂದರು. 1923ರ ಥಿಂಡ್ ತೀರ್ಪಿನ ನಂತರ ವೈಷ್ಣೋದಾಸ್ ಪೌರತ್ವವನ್ನೂ ಕಳೆದುಕೊಂಡು 1928ರಲ್ಲಿ ಪ್ರಾಣ ಬಿಟ್ಟರು. ಈಗ ಬರ್ಕ್ಲಿ ಪೇಟೆಯ ಒಂದು ರಸ್ತೆಗೆ ಕಲಾ ಬಗಾಯ್ ಅವರ ಹೆಸರಿದೆ. ಮುಂದಿನ ಸಲ ಆ ಕಡೆ ದೋಸೆ ತಿನ್ನಲು ಹೋದಾಗ ಒಂದು ಕ್ಷಣ ಆ ಫಲಕದ ಕೆಳಗೆ ನಿಲ್ಲಿ.

ಬಣ್ಣ, ಜನಾಂಗ ನೋಡಿ ಮನೆ ನಿರಾಕರಿಸಬಾರದೆಂದು 1963ರಲ್ಲಿ ಕ್ಯಾಲಿಫೋರ್ನಿಯಾ ಮಾಡಿದ ರಮ್‌ಫರ್ಡ್ ಕಾಯಿದೆಯನ್ನು ಮರುವರ್ಷವೇ ಇಲ್ಲಿನ ಮತದಾರರು ಭಾರೀ ಬಹುಮತದಿಂದ ತಳ್ಳಿಹಾಕಿದರು. ಸಾಂಟಾ ಅನಾದಲ್ಲಿ ಬಾಡಿಗೆ ಮನೆ ಸಿಗದ ಕರಿಯ ದಂಪತಿ, ಮಲ್ಕಿ ಅವರು, ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಮತದಾನದ ಫಲವನ್ನು ರದ್ದು ಮಾಡಿದ್ದು 1967ರ ಮೇ 29ರಂದು. ಕಮಾರಾ ತೀರ್ಪಿಗೆ ಸರಿಯಾಗಿ ಒಂದು ವಾರ ಮೊದಲು. ಕ್ಯಾಲಿಫೋರ್ನಿಯಾದ ಬಾಡಿಗೆ ಮನೆಗಳಿಂದಲೇ ಹೋದ ಎರಡು ದೂರುಗಳಿಗೆ ಒಂದೇ ವಾರದಲ್ಲಿ ಎರಡು ಉತ್ತರ ಬಂತು. ಒಂದು ಒಳಗೆ ಬರುವ ಹಕ್ಕು, ಇನ್ನೊಂದು ಬಂದ ಮೇಲೆ ಬಾಗಿಲು ಹಾಕಿಕೊಳ್ಳುವ ಹಕ್ಕು. 1965ರ ವಲಸೆ ಕಾನೂನಿನ ದಯೆಯಿಂದ ಸೂಟ್‌ಕೇಸ್ ಹಿಡಿದು ಬಂದ ನಮ್ಮ ಹಿರಿಯ ಕನ್ನಡಿಗರು ಇಲ್ಲಿ ಅಪಾರ್ಟ್‌ಮೆಂಟ್ ಹುಡುಕುವ ಹೊತ್ತಿಗೆ ಎರಡನ್ನೂ ಬೇರೆಯವರು ಗೆದ್ದುಕೊಟ್ಟಿದ್ದರು.

ಸೆಕ್ಷನ್ 1954

ಇಷ್ಟಾದರೂ ನಮ್ಮ ಏಜೆಂಟರ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಏಕೆಂದರೆ ನಾಲ್ಕನೆಯ ತಿದ್ದುಪಡಿ ಕಟ್ಟಿಹಾಕುವುದು ಸರಕಾರವನ್ನು ಮಾತ್ರ. ಮಾಲೀಕನ ಕೈಯಲ್ಲಿರುವ ಕೀಲಿಗೆ ಅದು ಅನ್ವಯಿಸುವುದಿಲ್ಲ.

ಆ ಕೆಲಸ ನಡೆದದ್ದು ಎಪ್ಪತ್ತರ ದಶಕದಲ್ಲಿ. ಕ್ಯಾಲಿಫೋರ್ನಿಯಾದ ಮತದಾರರು 1972ರ ನವೆಂಬರಿನಲ್ಲಿ ರಾಜ್ಯ ಸಂವಿಧಾನದ ಮೊದಲ ಕಲಮಿಗೇ 'ಖಾಸಗಿತನ' ಎಂಬ ಪದವನ್ನು ಸೇರಿಸಿದರು. ಈ ಹಕ್ಕು ಸರಕಾರದ ವಿರುದ್ಧ ಮಾತ್ರವಲ್ಲ, ಖಾಸಗಿಯವರ ವಿರುದ್ಧವೂ ಉಂಟು ಎಂದು ರಾಜ್ಯದ ಸುಪ್ರೀಂ ಕೋರ್ಟು 1994ರಲ್ಲಿ ಹೇಳಿತು. 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಾಡಿಗೆದಾರ ಗ್ರೀನ್ ಅವರ ಮೊಕದ್ದಮೆಯಲ್ಲಿ, ಬಾಡಿಗೆ ಮನೆ ವಾಸಯೋಗ್ಯವಾಗಿರಲೇಬೇಕು, ಕರಾರಿನಲ್ಲಿ ಬರೆಯದಿದ್ದರೂ ಅದು ಮಾಲೀಕನ ಹೊಣೆ ಎಂದು ತೀರ್ಮಾನವಾಯಿತು. ಮರುವರ್ಷ, 1975ರಲ್ಲಿ, ಸಿವಿಲ್ ಕೋಡಿಗೆ ಸೆಕ್ಷನ್ 1954 ಸೇರಿತು.

ಅದು ಹೇಳುವುದು ಸರಳ. ಮಾಲೀಕ ಅಥವಾ ಅವನ ಏಜೆಂಟ್ ಒಳಗೆ ಬರಲು ಕಾರಣಗಳ ಪಟ್ಟಿಯೊಂದಿದೆ: ತುರ್ತು ಪರಿಸ್ಥಿತಿ, ರಿಪೇರಿ ಅಥವಾ ಒಪ್ಪಿಕೊಂಡ ಸೇವೆ, ಕೊಳ್ಳುವವರಿಗೆ ಅಥವಾ ಮುಂದಿನ ಬಾಡಿಗೆದಾರರಿಗೆ ಮನೆ ತೋರಿಸುವುದು, ಬಾಡಿಗೆದಾರ ಮನೆ ಬಿಟ್ಟುಹೋಗಿರುವುದು, ಕೋರ್ಟಿನ ಆದೇಶ, ಹೀಗೆ. 'ಸುಮ್ಮನೆ ನೋಡಿಕೊಂಡು ಹೋಗೋಣ ಅಂತ ಬಂದೆ' ಎಂಬುದು ಆ ಪಟ್ಟಿಯಲ್ಲಿಲ್ಲ. ತುರ್ತು ಇಲ್ಲದಿದ್ದರೆ ಕೆಲಸದ ವೇಳೆಯಲ್ಲೇ ಬರಬೇಕು, ಮುಂಚಿತವಾಗಿ ತಿಳಿಸಬೇಕು. 24 ಗಂಟೆ ಮೊದಲು ತಿಳಿಸಿದರೆ ಸಾಮಾನ್ಯವಾಗಿ ಅದು ಸಮಂಜಸ ಎಂದು ಲೆಕ್ಕ. 2003ರಿಂದ ಆ ನೋಟಿಸು ಲಿಖಿತವಾಗಿರಬೇಕು, ದಿನ, ಅಂದಾಜು ವೇಳೆ, ಉದ್ದೇಶ ಮೂರನ್ನೂ ಹೇಳಬೇಕು.

ಮಾರಾಟಕ್ಕಿಟ್ಟ ಮನೆಗೆ ಒಂದು ವಿನಾಯಿತಿ ಇದೆ. ಮನೆ ಮಾರಾಟಕ್ಕಿದೆ ಎಂದು ಒಮ್ಮೆ ಬರೆದು ತಿಳಿಸಿದರೆ, ಅಲ್ಲಿಂದ 120 ದಿನದವರೆಗೆ ಫೋನಿನಲ್ಲಿ ಹೇಳಿದರೂ ನಡೆಯುತ್ತದೆ. ಆಗಲೂ ರೂಢಿಯ ಗಡುವು 24 ಗಂಟೆಯೇ. ಬಂದುಹೋದದ್ದಕ್ಕೆ ಲಿಖಿತ ಗುರುತನ್ನು ಒಳಗೆ ಬಿಟ್ಟುಹೋಗಬೇಕು. ನಮ್ಮ ಅಡುಗೆ ಕಟ್ಟೆಯ ಮೇಲಿನ ವಿಸಿಟಿಂಗ್ ಕಾರ್ಡನ್ನು ನಾವು ಏಜೆಂಟರ ಸೌಜನ್ಯ ಎಂದುಕೊಂಡಿದ್ದೆವು! ಕಾನೂನಿನಲ್ಲಿ ಅವರು ಪಾಲಿಸಿದ್ದು ಆ ಒಂದು ಸಾಲನ್ನು. ಮಾರಾಟದ ಪತ್ರ ನಮಗೆ ಫೆಬ್ರವರಿಯಲ್ಲೇ ಬಂದಿತ್ತು, ನಿಜ. ಆದರೆ ಅಂದಿನ ಭೇಟಿಯ ವಾಯ್ಸ್‌ಮೇಲ್ ಬಂದಿದ್ದು ಅದೇ ಬೆಳಿಗ್ಗೆ ಹತ್ತೂವರೆಗೆ, ನಾವು ರವೆ ಹುರಿಯುತ್ತಿದ್ದಾಗ. ಅವರು ಬಂದದ್ದು ಮಧ್ಯಾಹ್ನ ಮೂರಕ್ಕೆ.

ಇದೇ ಸೆಕ್ಷನ್ನಿನಲ್ಲಿ, ಒಳಗೆ ಬರುವ ಹಕ್ಕನ್ನು ದುರುಪಯೋಗ ಮಾಡಬಾರದು, ಕಿರುಕುಳಕ್ಕೆ ಬಳಸಬಾರದು ಎಂಬ ಮಾತೂ ಇದೆ. ಅದಕ್ಕೆ ಹಿಂದಿನದೇ ಆದ ಸೆಕ್ಷನ್ 1953 ನಮಗೆ ಬಹಳ ಹಿಡಿಸಿತು. ಬಾಡಿಗೆದಾರ ಈ ಹಕ್ಕನ್ನು ಬಿಟ್ಟುಕೊಡುತ್ತೇನೆಂದು ಕರಾರಿನಲ್ಲಿ ಸಹಿ ಹಾಕಿದರೂ ಆ ಸಾಲು ಅನೂರ್ಜಿತ. ನಾಲ್ಕು ಶತಮಾನದ ಹಿಂದಿನ ಕೋಟೆಗೆ ಸಣ್ಣ ಅಕ್ಷರದ ಕರಾರುಗಳು ಕೊರೆದಿದ್ದ ಕಂಡಿಯನ್ನು ಹೀಗೆ ಮುಚ್ಚಿದರು. ಬಾಡಿಗೆದಾರನನ್ನು ಬಿಡಿಸಲೆಂದೇ ಬೇಕೆಂದು ಈ ನಿಯಮವನ್ನು ಗಂಭೀರವಾಗಿ ಮುರಿದರೆ, ಪ್ರತಿ ಸಲಕ್ಕೆ 2,000 ಡಾಲರ್‌ವರೆಗೆ ದಂಡ ವಿಧಿಸುವ ಇನ್ನೊಂದು ಸೆಕ್ಷನ್ ಆಮೇಲೆ ಬಂತು.

ಹಾಗೆಂದು ಮಾಲೀಕನ ಪಕ್ಷವೂ ಇಲ್ಲದಿಲ್ಲ. ಕೆಲಸದ ವೇಳೆ ಎಂದರೆ ಸೋಮವಾರದಿಂದ ಶುಕ್ರವಾರವೇ? ಶನಿವಾರ ಭಾನುವಾರ ಓಪನ್ ಹೌಸ್ ಇಡಬಹುದೇ? ಸಾಂಟಾ ಮೋನಿಕಾದ ಕಾಂಡೋ ಒಂದರ ಬಾಡಿಗೆದಾರರು ವೀಕೆಂಡಿನಲ್ಲಿ ಬೇಡವೇ ಬೇಡ ಎಂದಾಗ ಮಾಲೀಕ ಡ್ರೋಮಿ ಕೋರ್ಟಿಗೆ ಹೋದರು. ಮನೆ ಮಾರುವ ವ್ಯಾಪಾರದಲ್ಲಿ ವೀಕೆಂಡೇ ಕೆಲಸದ ವೇಳೆ ಎಂದು 2013ರಲ್ಲಿ ಮೇಲ್ಮನವಿ ಕೋರ್ಟು ಒಪ್ಪಿಕೊಂಡಿತು. ಆದರೆ ಬೇಕಾದ ಹಾಗೆ ಬನ್ನಿ ಎನ್ನಲಿಲ್ಲ. ತಿಂಗಳಿಗೆ ಎರಡು ಓಪನ್ ಹೌಸ್, ಮಧ್ಯಾಹ್ನ 1ರಿಂದ 4:30ರ ನಡುವೆ, 10 ದಿನ ಮೊದಲು ಈಮೇಲ್, ಬಾಡಿಗೆದಾರರಿಗೆ ಬೇರೆ ದಿನ ಸೂಚಿಸಲು 48 ಗಂಟೆ ಅವಕಾಶ ಎಂದು ಕೆಳ ಕೋರ್ಟು ಹಾಕಿದ್ದ ಏರ್ಪಾಟನ್ನು ಎತ್ತಿಹಿಡಿಯಿತು. ನಮಗೆ ಇದು ನ್ಯಾಯವಾಗಿ ಕಂಡಿತು. ಮನೆ ಮಾರುವ ಹಕ್ಕು ಅವರದು. ಯಾವಾಗ ಚಪ್ಪಲಿ ಬದಿಗೆ ಸರಿಸಿ ದೇವರ ಮುಂದೆ ಪರದೆ ಎಳೆಯಬೇಕು ಎಂದು ಮೊದಲೇ ತಿಳಿಯುವ ಹಕ್ಕು ನಮ್ಮದು.

ವಠಾರದಿಂದ ಬಂದವರು ನಾವು

ಹಾಗಿದ್ದರೂ ಅಂದು "ಬನ್ನಿ ಬನ್ನಿ" ಎಂದದ್ದೇಕೆ? ಅತಿಥಿ ಸತ್ಕಾರ ಎಂದು ಹೇಳಿ ನುಣುಚಿಕೊಳ್ಳಬಹುದು. ನಿಜವಾದ ಕಾರಣ ಇನ್ನೂ ಹಿಂದಿನದು. ನಮ್ಮಲ್ಲೊಬ್ಬರು ಬೆಳೆದದ್ದು ಮೈಸೂರಿನ ವಠಾರದಲ್ಲಿ. ಮುಂದೆ ಮಾಲೀಕರ ಮನೆ, ಹಿಂದೆ ಸಾಲಾಗಿ ಆರು ಬಾಡಿಗೆ ಮನೆ, ಮಧ್ಯೆ ಒಂದೇ ನಲ್ಲಿ. ಮಾಲೀಕರ ಮನೆಯಾಕೆ ಯಾವ ಹೊತ್ತಿನಲ್ಲಾದರೂ ನಡುಮನೆ ದಾಟಿ ಅಡುಗೆಮನೆಯವರೆಗೆ ಬರುತ್ತಿದ್ದರು. ಒಲೆಯ ಮೇಲೆ ಏನಿದೆ, ಗೋಡೆಗೆ ಎಷ್ಟು ಮೊಳೆ ಹೊಡೆದಿದ್ದಾರೆ, ಬಂದ ನೆಂಟರು ಎಂದು ಹೊರಡುತ್ತಾರೆ, ಎಲ್ಲದರ ಲೆಕ್ಕ ಅವರ ಬಳಿ ಇತ್ತು. ಕಷ್ಟಕಾಲದಲ್ಲಿ ಮೊದಲು ಓಡಿಬಂದವರೂ ಅವರೇ ಎಂಬುದನ್ನು ಮರೆಯುವಂತಿಲ್ಲ. ಆದರೆ ಒಲೆಯ ಮೇಲಿನ ಪಾತ್ರೆ ನೋಡುವುದರ ಹಿಂದೆ ಜಾತಿಯ ವಿಚಾರಣೆಯೂ ಇತ್ತು ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಎಷ್ಟೋ ಮಂದಿಗೆ ಆ ಪಾತ್ರೆಯ ಕಾರಣಕ್ಕೇ ಮನೆ ಸಿಗಲಿಲ್ಲ, ಸಿಕ್ಕ ಮನೆ ಹೋಯಿತು. ಗಿರೀಶ್ ಕಾಸರವಳ್ಳಿಯವರ 'ಮನೆ' ಚಿತ್ರ ನೋಡಿದವರಿಗೆ, ಪಟ್ಟಣದ ಬಾಡಿಗೆ ಕೋಣೆಯಲ್ಲಿ ಒಂದಿಷ್ಟು ಏಕಾಂತ ಹುಡುಕಿ ಬಂದ ಗಂಡ ಹೆಂಡತಿಯ ಪಾಡು ನೆನಪಿರಬಹುದು.

ಕಾನೂನು ಇರಲಿಲ್ಲವೇ? ಇತ್ತು. ನಮ್ಮ ದೇಶದಲ್ಲಿ 1882ರ ಆಸ್ತಿ ವರ್ಗಾವಣೆ ಕಾಯಿದೆ ಇಂದಿಗೂ ಊರ್ಜಿತ. ಅದರ 108ನೆಯ ಸೆಕ್ಷನ್ನಿನಲ್ಲಿ ಎರಡು ಮಾತು ಅಕ್ಕಪಕ್ಕ ಕೂತಿವೆ. ಬಾಡಿಗೆ ಕೊಟ್ಟು ಕರಾರು ಪಾಲಿಸುವವನು ಅಡ್ಡಿಯಿಲ್ಲದೆ ಆಸ್ತಿಯನ್ನು ಅನುಭವಿಸಬಹುದು ಎಂಬುದು ಒಂದು. ಮಾಲೀಕ ಹಾಗೂ ಅವನ ಏಜೆಂಟರು ಸಮಂಜಸವಾದ ವೇಳೆಯಲ್ಲೆಲ್ಲ ಒಳಗೆ ಬಂದು ತಪಾಸಣೆ ಮಾಡಲು ಬಿಡಬೇಕು ಎಂಬುದು ಇನ್ನೊಂದು. ಸಮಂಜಸ ವೇಳೆ ಯಾವುದು, ಎಷ್ಟು ಗಂಟೆ ಮೊದಲು ಹೇಳಬೇಕು ಎಂದು ಅದು ಬರೆಯಲಿಲ್ಲ. ಬರೆಯದೆ ಬಿಟ್ಟ ಜಾಗದಲ್ಲಿ ವಠಾರದ ಮಾಲೀಕರ ಮರ್ಜಿ ಬಂದು ಕೂತಿತು.

ಖಾಸಗಿತನಕ್ಕೆ ಅಚ್ಚಕನ್ನಡದಲ್ಲಿ ಪದವೇ ಇಲ್ಲ ಎಂದು ಕೆಲವರು ಹೇಳುವುದುಂಟು. 'ಖಾಸಗಿ' ಪಾರಸಿಯ ಕಡೆಯಿಂದ ಬಂದದ್ದು, 'ಏಕಾಂತ' ಸಂಸ್ಕೃತದ್ದು. ಪದ ಇರಲಿ ಬಿಡಲಿ, ಜಗಲಿ, ಪಡಸಾಲೆ, ನಡುಮನೆ, ಒಳಮನೆ ಎಂದು ಯಾರು ಎಲ್ಲಿಯವರೆಗೆ ಬರಬಹುದು ಎಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳಿದ ಮನೆಗಳು ನಮ್ಮವು. ಬೆಳಿಗ್ಗೆ ಎದ್ದು ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚುವವರಿಗೆ ಅದು ಬರೀ ಮರದ ಪಟ್ಟಿಯಲ್ಲ ಎಂದು ಯಾರೂ ಹೇಳಿಕೊಡಬೇಕಿಲ್ಲ. ವಠಾರ ಆ ಮೆಟ್ಟಿಲುಗಳನ್ನೆಲ್ಲ ಹತ್ತು ಅಡಿಯಲ್ಲಿ ಮಡಚಿಬಿಟ್ಟಿತು, ಅಷ್ಟೆ.

ಭಾರತದ ಸುಪ್ರೀಂ ಕೋರ್ಟು 1962ರಲ್ಲಿ ಖರಕ್ ಸಿಂಗ್ ಮೊಕದ್ದಮೆಯಲ್ಲಿ, ಪೊಲೀಸರು ರಾತ್ರಿ ಹೊತ್ತು ಮನೆ ಬಾಗಿಲು ತಟ್ಟಿ ಒಳಗೆ ಬರುವುದನ್ನು ಅಸಿಂಧು ಎಂದಿತು. ಹಾಗೆನ್ನುವಾಗ ಅದು ನೆನೆದದ್ದು 1604ರ ಅದೇ ಸೆಮೇನ್ ಮೊಕದ್ದಮೆಯನ್ನು! ಆದರೆ ಖಾಸಗಿತನ ಮೂಲಭೂತ ಹಕ್ಕಲ್ಲ ಎಂದು ಬಹುಮತದ ತೀರ್ಪು ಹೇಳಿಬಿಟ್ಟಿತು. ಆ ಮಾತನ್ನು ಅಳಿಸಲು ನಮ್ಮವರೇ ಒಬ್ಬರು ಬರಬೇಕಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಒಬ್ಬ ಕನ್ನಡಿಗರ ಹೆಸರು ಹೀಗೆ ದೇಶದ ಪ್ರತಿ ಕಾನೂನು ವಿದ್ಯಾರ್ಥಿಯ ಬಾಯಲ್ಲಿ ಉಳಿಯಿತು.

ಬಾಡಿಗೆ ಮನೆಯ ಬಾಗಿಲಿಗೂ ಈ ಗಾಳಿ ಸ್ವಲ್ಪ ತಾಗಿದೆ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯ ಪ್ರಕಾರ ಮಾಲೀಕ ಅಥವಾ ಅವನ ಮ್ಯಾನೇಜರ್ 24 ಗಂಟೆ ಮೊದಲು ಲಿಖಿತವಾಗಿ ಇಲ್ಲವೇ ವಿದ್ಯುನ್ಮಾನ ಮಾಧ್ಯಮದಲ್ಲಿ ತಿಳಿಸಬೇಕು. ಸೂರ್ಯೋದಯಕ್ಕೆ ಮುಂಚೆ, ಸೂರ್ಯಾಸ್ತದ ನಂತರ ಬರಬಾರದು. ಸ್ಯಾಕ್ರಮೆಂಟೋದ ಕಾನೂನು ಗಡಿಯಾರ ನೋಡಿದರೆ ದಿಲ್ಲಿಯದು ಸೂರ್ಯನನ್ನು ನೋಡುತ್ತದೆ! ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ಒಪ್ಪಿ ತಮ್ಮ ಕಾನೂನು ಮಾಡಿಕೊಂಡರಷ್ಟೇ ಅದಕ್ಕೆ ಜೀವ.

ಎರಡು ಪತ್ರಗಳು

ಇಷ್ಟೆಲ್ಲ ಓದಿದ ಮೇಲೆ ನಾವು ಮಾಡಿದ್ದು ಇಷ್ಟೇ. ಏಜೆಂಟರಿಗೂ ಮಾಲೀಕರಿಗೂ ಒಂದು ಸಭ್ಯವಾದ ಪತ್ರ ಬರೆದೆವು. ವಾರದಲ್ಲಿ ಒಂದು ಸಂಜೆ, ತಿಂಗಳಿಗೆ ಎರಡು ಶನಿವಾರ ಬನ್ನಿ, 24 ಗಂಟೆ ಮೊದಲು ತಿಳಿಸಿ, ಬಾಗಿಲು ತಟ್ಟಿ, ಬೂಟು ಬಿಚ್ಚಿದರೆ ಸಂತೋಷ ಎಂದೆವು. ಮಾರಾಟದ ಜಾಹೀರಾತಿನಲ್ಲಿ ನಮ್ಮ ಪುಸ್ತಕದ ಕಪಾಟು, ಗೋಡೆಯ ಮೇಲಿನ ತಂದೆತಾಯಿಯರ ಫೋಟೋ ಎಲ್ಲ ಕಾಣಿಸಿಕೊಂಡಿದ್ದವು. ಅವನ್ನು ತೆಗೆಯಲು ಕೇಳಿಕೊಂಡೆವು. ಸೆಕ್ಷನ್ 1954 ಚಿತ್ರ ತೆಗೆಯುವುದರ ಬಗ್ಗೆ ಏನೂ ಹೇಳುವುದಿಲ್ಲ. ಹಾಗಾಗಿ ಅದು ಹಕ್ಕಿನ ಮಾತಲ್ಲ, ವಿನಂತಿ. ಜಗಳವೇನೂ ಆಗಲಿಲ್ಲ. ಎರಡು ದಿನದಲ್ಲಿ ಕ್ಷಮೆಯ ಉತ್ತರ ಬಂತು, ಚಿತ್ರಗಳು ಹೋದವು. ಬೇಸಿಗೆಯಲ್ಲಿ ಕಾಂಡೋ ಮಾರಾಟವಾಗಿ ನಾವು ಇದೇ ಊರಿನ ಇನ್ನೊಂದು ಬಾಡಿಗೆ ಮನೆಗೆ ಬಂದೆವು. ಈ ಸಲ ಲೀಸಿನ ಎಲ್ಲ ಪುಟ ಓದಿದೆವು. ಬಾಗಿಲಿಗೆ ಲಾಕ್‌ಬಾಕ್ಸ್ ಹಾಕಲು ಒಪ್ಪಿಗೆ ಎಂಬ ಪ್ರತ್ಯೇಕ ಹಾಳೆಯನ್ನು ಸಹಿ ಮಾಡದೆ ಹಿಂದಿರುಗಿಸಿದೆವು.

ಎರಡನೆಯ ಪತ್ರದ ವಿಷಯ ಹೇಳಲು ಸ್ವಲ್ಪ ಮುಜುಗರ. ಬೆಂಗಳೂರಿನಲ್ಲಿ ನಮ್ಮದೊಂದು ಫ್ಲ್ಯಾಟ್ ಇದೆ. ಈ ಬಳಗದಲ್ಲಿ ಇನ್ನೂ ಅನೇಕರಿಗೆ ಇರುವ ಹಾಗೆಯೇ. ಅದರಲ್ಲಿ ಆರು ವರ್ಷದಿಂದ ಒಂದು ಸಂಸಾರ ಬಾಡಿಗೆಗಿದೆ. ಒಂದು ಕೀಲಿ ನಮ್ಮ ಭಾವನವರ ಹತ್ತಿರ ಇದೆ. "ಆ ಕಡೆ ಹೋದಾಗ ಒಂಚೂರು ಒಳಗೆ ಹೋಗಿ ನೋಡ್ಕೊಂಡು ಬನ್ನಿ, ಹೇಗಿಟ್ಟುಕೊಂಡಿದ್ದಾರೋ" ಎಂದು ವರ್ಷಕ್ಕೆ ಎರಡು ಮೂರು ಸಲ ನಾವೇ ಫೋನಿನಲ್ಲಿ ಹೇಳುತ್ತಿದ್ದೆವು. ಅವರು ಹೋಗುತ್ತಿದ್ದರು, ನೋಡುತ್ತಿದ್ದರು, ನಾಲ್ಕು ಫೋಟೋ ತೆಗೆದು ಕಳಿಸುತ್ತಿದ್ದರು. ಆ ಫೋಟೋಗಳಲ್ಲಿ ಒಣಗಲು ಹಾಕಿದ ಬಟ್ಟೆ, ಮಗುವಿನ ಪುಸ್ತಕ, ಯಾರದೋ ದೇವರ ಪಟ ಇರುತ್ತಿದ್ದವು. ನಾವು ನೋಡುತ್ತಿದ್ದದ್ದು ಗೋಡೆಯ ಬಣ್ಣವನ್ನು ಮಾತ್ರ. ಆ ಮನೆಯಾಕೆಯೂ ಪ್ರತಿ ಸಲ ಭಾವನವರಿಗೆ ಕಾಫಿ ಕೊಟ್ಟಿದ್ದಾರೆ. ನಾವು ಕೇಸರಿಬಾತ್ ನೀಡಿದ ಹಾಗೆ.

ಆಕೆಗೆ ಬರೆದ ಪತ್ರದಲ್ಲಿ, ಇನ್ನು ಮುಂದೆ ನಮ್ಮ ಕಡೆಯವರು ಯಾರೇ ಬರುವುದಿದ್ದರೂ ಹಿಂದಿನ ದಿನವೇ ತಿಳಿಸುತ್ತೇವೆ, ನಿಮಗೆ ಅನುಕೂಲವಿಲ್ಲದಿದ್ದರೆ ಬೇರೆ ದಿನ ಹೇಳಿ ಎಂದು ಬರೆದೆವು. ಭಾವನವರ ಬಳಿ ಇದ್ದ ಕೀಲಿಯನ್ನು ಆಕೆಗೇ ಕೊಡಿಸಿದೆವು. ಅವರು ಎರಡು ವಾರ ಬೇಸರದಿಂದ ಫೋನ್ ಮಾಡಲಿಲ್ಲ. "ನಮ್ಮನೆಗೆ ನಾವೇ ಹೇಳಿ ಕೇಳಿ ಹೋಗಬೇಕೇನ್ರೀ?" ಎಂದು ಆಮೇಲೆ ಕೇಳಿದರು. ಹೌದು, ಬಾಡಿಗೆ ತೆಗೆದುಕೊಳ್ಳುವವರೆಗೂ ಹೇಳಿ ಕೇಳಿಯೇ ಹೋಗಬೇಕು ಎಂದೆವು.

ಮುಂದಿನ ಗೋಷ್ಠಿ ನಮ್ಮ ಹೊಸ ಮನೆಯಲ್ಲಿ. ಹೋದ ಸಲ ಅರ್ಧಕ್ಕೆ ನಿಂತ ಕಥೆಯನ್ನು ಇನ್ನೊಮ್ಮೆ ಓದಲು ಗೆಳೆಯರು ಒಪ್ಪಿದ್ದಾರೆ. ನಿಮ್ಮಲ್ಲಿ ಬಾಡಿಗೆದಾರರಾಗಿಯೋ ಮಾಲೀಕರಾಗಿಯೋ ಇಂಥ ಅನುಭವ ಆದವರಿದ್ದರೆ ಅಂದು ಹೇಳಿ, ಇಲ್ಲವೇ ಬರೆದು ಕಳಿಸಿ. ಬರುವಾಗ ಬಾಗಿಲು ತಟ್ಟಿ. ನಾವು ಒಳಗೇ ಇರುತ್ತೇವೆ, ಬಂದು ತೆರೆಯುತ್ತೇವೆ.